ಎಕ್ಸ್‌ಎಂಎಲ್ ಮನೆಯಲ್ಲಿ ಅಕ್ಕನ ಜಾಗ

ಮನೆಯಲ್ಲಿ ಕಂಪ್ಯೂಟರ್ ಬಲ್ಲವನು ಒಬ್ಬನಿದ್ದರೆ ಉಳಿದವರಿಗೆ ಅವನ ಬಗ್ಗೆ ಎರಡು ಅಭಿಪ್ರಾಯಗಳು ತಾವಾಗಿಯೇ ಹುಟ್ಟಿಕೊಳ್ಳುತ್ತವೆ. ಏನಾದರೂ ಕೆಟ್ಟಾಗ, ಇವನಿಗೆ ಎಲ್ಲ ಗೊತ್ತು ಎನ್ನುತ್ತಾರೆ. ಏನೂ ಕೆಡದೆ ಇರುವಾಗ, ಇವನಿಗೆ ಇದೊಂದು ಬಿಟ್ಟರೆ ಬೇರೇನೂ ಗೊತ್ತಿಲ್ಲ ಎನ್ನುತ್ತಾರೆ. ಮಿಕ್ಸರಿನ ಜಾರು ಸಿಕ್ಕಿಕೊಂಡರೂ ನನ್ನನ್ನೇ ಕರೆಯುತ್ತಾರೆ, ನೀರಿನ ಮೋಟಾರು ಗುಂಯ್ ಎಂದರೂ ನನ್ನನ್ನೇ ಕರೆಯುತ್ತಾರೆ. ನಾನೂ ಸುಮ್ಮನೆ ಬಿಡುವ ಆಸಾಮಿಯಲ್ಲ. ಸ್ಕ್ರೂಡ್ರೈವರ್ ಹಿಡಿದು, ಹುಬ್ಬು ಗಂಟಿಕ್ಕಿ, ಮೋಟಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಇದಕ್ಕೆ ಮೆಕ್ಯಾನಿಕ್ಕನೇ ಬರಬೇಕು ಎಂದು ತೀರ್ಪು ಕೊಟ್ಟು ಒಳಗೆ ಬರುತ್ತೇನೆ. ಇಂಥ ಗೌರವವನ್ನು ಹಲವು ವರ್ಷಗಳಿಂದ ಅನುಭವಿಸುತ್ತ ಬಂದವನು ನಾನು. ಮೊನ್ನೆ ಮೊನ್ನೆ ಅದು ಪೂರ್ತಿ ಕೈಬಿಟ್ಟು ಹೋಗುವುದರಲ್ಲಿತ್ತು. ಈಗ ತಮ್ಮನ ಮಗಳ ಮದುವೆ ಮುಗಿದಿದೆ, ಹಂದರ ಬಿಚ್ಚಿದ್ದಾರೆ, ಬಾಡಿಗೆ ಪಾತ್ರೆಗಳು ತಿರುಗಿ ಹೋಗಿವೆ, ಎಲ್ಲಕ್ಕಿಂತ ಮುಖ್ಯವಾಗಿ ಅಕ್ಕ ನನ್ನನ್ನು ಏಕವಚನದಲ್ಲಿ ಬೈಯುತ್ತಿದ್ದಾಳೆ. ಆದ್ದರಿಂದ ನಿರಾಳವಾಗಿ ಕುಳಿತು ಇದನ್ನು ಬರೆಯುತ್ತಿದ್ದೇನೆ.

ನಾನು ಗೋಕಾಕದ ಒಂದು ಶಿಕ್ಷಣ ಸಂಸ್ಥೆಯ ಕಚೇರಿಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವವನು. ವಿಭಾಗ ಎಂದರೆ ನಾನು, ಒಂದು ಪ್ರಿಂಟರು ಮತ್ತು ಆ ಪ್ರಿಂಟರಿನ ಮೇಲೆ ತಮ್ಮ ಚಹಾದ ಕಪ್ಪು ಇಡುವ ಹೆಡ್ ಕ್ಲಾರ್ಕ್. ನಮ್ಮ ಸಂಸ್ಥೆಗೆ ಮೂಡಲಗಿ ಮತ್ತು ಹುಕ್ಕೇರಿಯಲ್ಲೂ ಶಾಲೆಗಳಿವೆ. ಮಕ್ಕಳ ಮಾಹಿತಿಯೆಲ್ಲ ಹಳೆಯ ಪದ್ಧತಿಯಂತೆ ಟೇಬಲ್ಲುಗಳಲ್ಲಿ ಇತ್ತು. ಟೇಬಲ್ಲು ಎಂದರೆ ನಾಲ್ಕು ಕಾಲಿನದಲ್ಲ, ಅಡ್ಡಗೆರೆ ಉದ್ದಗೆರೆ ಎಳೆದ ಚೌಕಗಳದ್ದು. ನಮ್ಮ ಅಡುಗೆಮನೆಯ ಮಾಡದಲ್ಲಿ ಸಾಲಾಗಿ ಇಟ್ಟ ಸ್ಟೀಲು ಡಬ್ಬಿಗಳಂತೆ, ಹೆಸರುಗಳದ್ದು ಒಂದು ಡಬ್ಬಿ, ಊರುಗಳದ್ದು ಒಂದು, ತರಗತಿಗಳದ್ದು ಒಂದು. ಯಾವ ಹುಡುಗ ಯಾವ ತರಗತಿ ಎಂದು ತಿಳಿಯಬೇಕಾದರೆ ಒಂದು ನಂಬರು ಹಿಡಿದುಕೊಂಡು ಈ ಡಬ್ಬಿಯಿಂದ ಆ ಡಬ್ಬಿಗೆ ಹೋಗಬೇಕು. ಮೇಲಿನ ಕಚೇರಿಯವರು, ಇದೆಲ್ಲ ಬೇಡ, ಎಕ್ಸ್‌ಎಂಎಲ್ ಕಡತ ಮಾಡಿ ಕಳಿಸಿರಿ ಎಂದರು. ಎಕ್ಸ್‌ಎಂಎಲ್ ಬೇರೆ ಜಾತಿಯದು. ಅದರಲ್ಲಿ ಡಬ್ಬಿಗಳು ಸಾಲಾಗಿ ಇರುವುದಿಲ್ಲ, ಒಂದರೊಳಗೊಂದು ಇರುತ್ತವೆ. ಶಾಲೆಯೊಳಗೆ ತರಗತಿ, ತರಗತಿಯೊಳಗೆ ಹುಡುಗ, ಹುಡುಗನೊಳಗೆ ಅವನ ಮಾರ್ಕುಗಳು. ಒಳಗಿನ ಡಬ್ಬಿ ಹೊರಗಿನ ಒಂದೇ ಒಂದು ಡಬ್ಬಿಯಲ್ಲಿ ಇರಬೇಕು, ಅದು ಅಲ್ಲಿಯ ಕಟ್ಟುಪಾಡು. ಹಾಗೆ ಇಟ್ಟರೆ, ಹುಕ್ಕೇರಿ ಶಾಲೆಯ ಏಳನೇ ತರಗತಿಯ ಮಕ್ಕಳೆಲ್ಲ ಬರಲಿ ಎಂದು ಒಂದು ಸಾಲು ಬರೆದರೆ ಸಾಕು, ಮಕ್ಕಳು ಪ್ರಾರ್ಥನೆಗೆ ಬಂದಂತೆ ಸಾಲಾಗಿ ಬಂದು ನಿಲ್ಲುತ್ತಾರೆ.

ಟೇಬಲ್ಲಿನಿಂದ ಎಕ್ಸ್‌ಎಂಎಲ್‌ಗೆ ಸಾಮಾನು ಸಾಗಿಸುವ ಈ ಕೆಲಸ ನಾನು ಬಹಳ ಚೆನ್ನಾಗಿ ಮಾಡಿದೆ ಎಂದು ನಾನೇ ಹೇಳಬೇಕಾಗಿದೆ, ಏಕೆಂದರೆ ಕಚೇರಿಯಲ್ಲಿ ಯಾರೂ ಹೇಳಲಿಲ್ಲ. ಹೆಡ್ ಕ್ಲಾರ್ಕರು ಪರದೆಯನ್ನು ನೋಡಿ, 'ಭಾಳ ಬ್ರ್ಯಾಕೆಟ್ ಅದಾವಲ್ರಿ' ಎಂದು ಕಪ್ಪು ಎತ್ತಿಕೊಂಡು ಹೋದರು. ಮನೆಗೆ ಬಂದು ಹೆಂಡತಿಗೆ ವಿವರಿಸಿದೆ. ಅವಳು ಸುಮಿತ್ರಾ. ಎಲ್ಲವನ್ನೂ ಸಮಾಧಾನದಿಂದ ಕೇಳಿ, 'ಅಂದ್ರ ಡಬ್ಬಿಯೊಳಗ ಡಬ್ಬಿ ಇಡೂದು ಕಲತ್ರಿ. ಚಲೋ ಆತು. ಹಂಗಾದ್ರ ನಾಳೆ ನಮ್ಮ ಟ್ರಂಕಿನ್ಯಾಗಿಂದು ಹಾಸಗಿ ಸರಿಯಾಗಿ ಮಡಚಿ ಇಡ್ರಿ' ಎಂದಳು. ಮೆಚ್ಚುಗೆಗಾಗಿ ಇಷ್ಟು ಹಸಿದ ಮನುಷ್ಯನಿಗೆ ಒಂದು ಸಂದರ್ಭ ಸಿಕ್ಕರೆ ಏನಾಗುತ್ತದೆ ಎಂದು ಯಾರಾದರೂ ಊಹಿಸಬಹುದು. ಸಂದರ್ಭ ಸಿಕ್ಕಿತು. ನನ್ನ ತಮ್ಮ ಬಸುವಿನ ಮಗಳು ಪೂಜಾಳಿಗೆ ಮೂಡಲಗಿಯ ಹುಡುಗನ ಜೊತೆ ಮದುವೆ ಗೊತ್ತಾಯಿತು. ಬಸುವಿನ ಮನೆ ನಮ್ಮ ಮನೆಯ ಪಕ್ಕದ್ದೇ, ನಡುವೆ ಒಂದು ಗೋಡೆ. ಕರೆಯುವುದು ಹೇಗೆ, ಯಾರಿಗೆ ಹೇಗೆ ಎಂದು ಅವನು ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದ. ನಾನು ಗೋಡೆಯ ಈ ಕಡೆಯಿಂದಲೇ, 'ಅದನ್ನೆಲ್ಲಾ ನನಗ ಬಿಡು, ಎಕ್ಸ್‌ಎಂಎಲ್ ಮಾಡಿಬಿಡ್ತೇನಿ' ಎಂದೆ. ಬಸು ಅದೇನೆಂದು ಕೇಳಲಿಲ್ಲ. ಯಾರೋ ಒಬ್ಬರು ಭಾರ ಇಳಿಸಿಕೊಂಡರಲ್ಲ, ಅಷ್ಟೇ ಅವನಿಗೆ ಬೇಕಾಗಿತ್ತು.

ಕರೆಯುವುದು ಎಂದರೆ ನಮ್ಮ ಕಡೆ ಸುಮ್ಮನೆ ಮಾತಲ್ಲ. ಪರಿಚಯದವರಿಗೆ ಕಾರ್ಡು. ಬೀಗರಿಗೂ ಕಾರ್ಡು, ಆದರೆ ಮೂಲೆಗೆ ಅರಿಷಿಣ ಕುಂಕುಮ ಹಚ್ಚಿ, 'ಅಕ್ಕಿಕಾಳಿಗೆ ಬರ್ರಿ' ಎಂದು, ಅಂದರೆ ಮುಹೂರ್ತದ ಅಕ್ಷತೆಗೆ ಬನ್ನಿ ಎಂದು ಹೇಳಿ. ಮನೆಯ ಹೆಣ್ಣುಮಗಳಿಗೆ ಮಾತ್ರ ಕಾರ್ಡು ಕೊಡುವುದೇ ಇಲ್ಲ. ಅವಳ ಮನೆಯದೇ ಮದುವೆ, ಅವಳಿಗೆ ಕಾರ್ಡೇಕೆ? ಅಣ್ಣನೋ ತಮ್ಮನೋ ಕುಪ್ಪಸದ ಖಣ ಹಿಡಿದುಕೊಂಡು ಹೋಗಿ, ಅವಳ ಮನೆಯಲ್ಲಿ ಉಂಡು, ಮದುವೆಗೆ ಮುಂಚೆಯೇ ಅವಳನ್ನು ಕರೆದುಕೊಂಡು ಬರಬೇಕು. ಹಾಗಾಗಿ ನನ್ನ ಕಂಪ್ಯೂಟರಿಗೆ ನಾನು ಕೇಳಬೇಕಾದದ್ದು ಎರಡು ಪ್ರಶ್ನೆ. ಕಾರ್ಡು ಯಾರಿಗೆ? ಹೋಗಿ ಕರೆದುಕೊಂಡು ಬರುವುದು ಯಾರನ್ನು? ಊರು, ಊರಿನೊಳಗೆ ಮನೆ, ಮನೆಯೊಳಗೆ ಮಂದಿ, ಒಬ್ಬೊಬ್ಬರ ಮುಂದೆ ಅವರು ನಮಗೇನಾಗಬೇಕು ಎಂಬ ಸಂಬಂಧ. ಶಾಲೆಯ ಮಕ್ಕಳಿಗೆ ಮಾಡಿದ್ದನ್ನೇ ಮಂದಿಗೆ ಮಾಡುವುದು, ಅಷ್ಟೇ ತಾನೆ ಎಂದುಕೊಂಡೆ. ಎಲ್ಲರಿಗಿಂತ ಮೊದಲು ಗೋಕಾಕದ ಮನೆಯಲ್ಲಿ ನನ್ನ ಹೆಸರನ್ನೇ ಟೈಪು ಮಾಡಿದೆ, ಮಾಡುವವನು ನಾನೇ ಆದ್ದರಿಂದ. ಅದಾದ ಮೇಲೆ, ಹೆಂಡತಿ ಹಿಂದೆ ನಿಂತು ನೋಡುತ್ತಿದ್ದಳಾದ್ದರಿಂದ, ಅವಳ ತವರು ಹುಕ್ಕೇರಿಯ ಮನೆಯನ್ನು ಪೂರ್ತಿ ತುಂಬಿದೆ. ಅವಳಿಗೆ ಸಂತೋಷವಾಯಿತು. ಆ ಸಂತೋಷ ಮುಂದೆ ನನಗೆ ಬಹಳ ದುಬಾರಿಯಾಯಿತು.

ಇಲ್ಲಿ ನಮ್ಮ ಮನೆತನದ ಬಗ್ಗೆ ಸ್ವಲ್ಪ ಹೇಳದೆ ಇದ್ದರೆ ಓದುವವರಿಗೆ ಕಷ್ಟ. ನನ್ನ ಹೆಂಡತಿ ಸುಮಿತ್ರಾ ನನ್ನ ಸ್ವಂತ ಅಕ್ಕನ ಮಗಳು. ಅಕ್ಕ ಶಾಂತಾ ನಮ್ಮ ಮೂವರಲ್ಲಿ ಹಿರಿಯಳು, ಹುಕ್ಕೇರಿಗೆ ಕೊಟ್ಟದ್ದು. ಸೋದರಮಾವನಿಗೆ ಹೆಣ್ಣು ಕೊಡುವ ಪದ್ಧತಿ ನಮ್ಮಲ್ಲಿ ಹಿಂದಿನಿಂದ ನಡೆದು ಬಂದದ್ದು. ಆದ್ದರಿಂದ ಅಕ್ಕ ನನಗೆ ಅಕ್ಕನೂ ಹೌದು, ಅತ್ತೆಯೂ ಹೌದು. ಭಾವ ನನಗೆ ಭಾವನೂ ಹೌದು, ಮಾವನೂ ಹೌದು. ನನ್ನ ಮಕ್ಕಳಿಗೆ ಅವಳು ಅಜ್ಜಿಯಾಗಬೇಕೋ ಸೋದರತ್ತೆಯಾಗಬೇಕೋ ಎಂಬ ಪ್ರಶ್ನೆ ಅವು ತೊಟ್ಟಿಲಲ್ಲಿದ್ದಾಗ ಎದ್ದಿತ್ತು. ಯಾವುದು ಕರೆದರೆ ಉಂಡಿ ಸಿಗುತ್ತದೋ ಅದನ್ನೇ ಅವು ಕರೆದವು, ಪ್ರಶ್ನೆ ಅಲ್ಲಿಗೇ ಮುಗಿಯಿತು. ಸುಮಿತ್ರಾ ಸಣ್ಣವಳಿದ್ದಾಗ ನನ್ನನ್ನು ಮಾಮಾ ಎನ್ನುತ್ತಿದ್ದಳು. ಮದುವೆಯಾದ ಮೇಲೆ ಎಲ್ಲರಂತೆ 'ಏನ್ರಿ' ಎಂದು ಕರೆಯಲು ಕಲಿತಳು. ಸಿಟ್ಟು ಬಂದಾಗ ಮಾತ್ರ ಹಳೆಯದು ಬಾಯಿಗೆ ಬರುತ್ತದೆ. ಅವಳು ಮಾಮಾ ಎಂದರೆ ನಾನು ಚಪ್ಪಲಿ ಮೆಟ್ಟಿಕೊಂಡು ಬಜಾರದ ಕಡೆ ನಡೆಯುವುದು ವಾಡಿಕೆ.

ಇಂಥ ಮನೆತನವನ್ನು ಡಬ್ಬಿಯೊಳಗೆ ಡಬ್ಬಿಯಾಗಿ ಇಡಲು ಹೊರಟೆ. ಶಾಲೆಯ ಮಕ್ಕಳು ಏಕೆ ಸರಿಯಾಗಿ ಕುಳಿತಿದ್ದರು ಎಂಬುದು ಆಗ ತಿಳಿಯಿತು. ಏಳನೇ ತರಗತಿಯ ಹುಡುಗ ಏಳನೇ ತರಗತಿಯ ಹುಡುಗ ಅಷ್ಟೇ, ಅವನು ಅದೇ ಹೊತ್ತಿಗೆ ಎಂಟನೇ ತರಗತಿಯ ಮಾಸ್ತರನೂ ಆಗಿರುವುದಿಲ್ಲ. ಮೊದಲ ಸಲ ಪ್ರಶ್ನೆ ಕೇಳಿದಾಗ ಕಂಪ್ಯೂಟರು ಅಕ್ಕನಿಂದ ಅವಳ ಮಗಳಿಗೆ ಹೋಯಿತು, ಮಗಳಿಂದ ಅವಳ ಗಂಡನಿಗೆ, ಗಂಡನಿಂದ ಅವನ ಅಕ್ಕನಿಗೆ, ಅಕ್ಕನಿಂದ ಅವಳ ಮಗಳಿಗೆ. ಹೀಗೆ ನಮ್ಮ ಮನೆಯ ಸುತ್ತಲೇ ಗಾಣದ ಎತ್ತಿನಂತೆ ತಿರುಗತೊಡಗಿತು. ಒಳಗಿನ ಫ್ಯಾನು ಊಳಿಟ್ಟಿತು. ಪ್ಲಗ್ಗು ಕಿತ್ತೆ. ಸ್ವಲ್ಪ ತಿದ್ದಿ ಎರಡನೇ ಸಲ ಕೇಳಿದಾಗ ಪ್ರಿಂಟರು ಲಕೋಟೆಗಳನ್ನು ಹೊರಹಾಕಲು ಶುರು ಮಾಡಿತು, ಎಲ್ಲದರ ಮೇಲೂ ಮೂಡಲಗಿಯ ರಾಮಪ್ಪಜ್ಜನ ಹೆಸರು. ಅಜ್ಜ ಮದುಮಗನ ತಾತ, ನಮ್ಮ ಅವ್ವನ ಕಡೆಯಿಂದಲೂ ಏನೋ ಆಗಬೇಕು, ಭಾವನ ಕಡೆಯಿಂದಲೂ ಏನೋ ಆಗಬೇಕು. ಎಷ್ಟು ದಾರಿಯಿಂದ ಸಂಬಂಧವೋ ಅಷ್ಟು ಸಲ ಅವರಿಗೆ ಕಾರ್ಡು. ಬಸು ಬಂದವನು ಲಕೋಟೆಯ ಗುಡ್ಡೆ ನೋಡಿ, 'ಅಣ್ಣಾ, ಅಜ್ಜಗ ಹಲ್ಲಿಗೊಂದು ಕಾರ್ಡ ಕೊಡಾವ ಇದ್ದೀ ಏನ? ಅಂವಗ ಅಷ್ಟ ಹಲ್ಲೂ ಉಳದಿಲ್ಲೋ' ಎಂದ.

ನನಗೆ ನಾಚಿಕೆಯಾಯಿತು. ಕಂಪ್ಯೂಟರ್ ಬಲ್ಲವನಿಗೆ ನಾಚಿಕೆಯಾದರೆ ಅವನು ಕೂಡಲೇ ಒಂದು ನಿಯಮ ಮಾಡುತ್ತಾನೆ. ನಾನೂ ಮಾಡಿದೆ. ಒಬ್ಬ ಮನುಷ್ಯ, ಒಂದೇ ಜಾಗ. ಮೊದಲು ಎಲ್ಲಿ ಹೆಸರು ಸಿಗುತ್ತದೋ ಅಲ್ಲಿ ಇರಲಿ, ಆಮೇಲೆ ಸಿಕ್ಕಿದ್ದನ್ನೆಲ್ಲ ಕಿತ್ತು ಹಾಕು. ಈ ನಿಯಮ ಹಾಕಿದ ಕೂಡಲೇ ಎಲ್ಲ ತಿಳಿಯಾಯಿತು. ಅಜ್ಜನಿಗೆ ಒಂದೇ ಕಾರ್ಡು ಬಂತು. ಎರಡು ಚೊಕ್ಕ ಪಟ್ಟಿಗಳು ಬಂದವು. ಬಸು, 'ಈಗ ಬರೋಬ್ಬರಿ ಆತ ನೋಡಣ್ಣಾ' ಎಂದು ಬೆನ್ನು ತಟ್ಟಿದ. ಕರೆದುಕೊಂಡು ಬರುವವರ ಪಟ್ಟಿಯಲ್ಲಿ ಅಂಕಲಗಿಗೆ ಕೊಟ್ಟ ಕಾಕಾನ ಮಗಳ ಹೆಸರು ಇತ್ತು. ಅಕ್ಕನ ಹೆಸರು ಇರಲಿಲ್ಲ. ಅಕ್ಕ ಅಣ್ಣನಿಗೆ ಅತ್ತೆಯಲ್ಲವೇ, ಅವನೇ ಹೋಗಿ ಕರೆತರುತ್ತಾನೆ, ಅದಕ್ಕೇ ಹಾಕಿಲ್ಲ ಎಂದು ಬಸು ತಿಳಿದ. ನಾನು ಪಟ್ಟಿಯನ್ನು ಓದಲೇ ಇಲ್ಲ. ಕಂಪ್ಯೂಟರು ಮಾಡಿದ್ದನ್ನು ತಿರುಗಿ ಓದುವುದು ಅದಕ್ಕೆ ಅವಮಾನ ಎಂದು ನನ್ನ ಭಾವನೆಯಾಗಿತ್ತು.

ಹುಕ್ಕೇರಿ, ಸಂಕೇಶ್ವರ ಕಡೆಯ ಲಕೋಟೆಗಳನ್ನೆಲ್ಲ ಹೆಸರು ನೋಡದೆ ಒಂದು ಕಟ್ಟು ಮಾಡಿ ಬಸು ಕಣಗಲಾ ಊರಿನ ತನ್ನ ಗೆಳೆಯನ ಕೈಗೆ ಕೊಟ್ಟ. ಅವನು ಗೋಕಾಕದ ಸಂತೆಗೆ ಬಂದವನು, ಊರಿಗೆ ಮರಳುವಾಗ ದಾರಿಯಲ್ಲಿ ಮನೆಮನೆಗೆ ಮುಟ್ಟಿಸುತ್ತೇನೆ ಎಂದಿದ್ದ. ಮುಟ್ಟಿಸಿದ, ಬಹಳ ಪ್ರಾಮಾಣಿಕ ಮನುಷ್ಯ. ಮರುದಿನ ನಾನು ಕಚೇರಿಯಿಂದ ಬಂದು ಕೈಕಾಲು ತೊಳೆಯುತ್ತಿದ್ದೆ. ಒಳಗೆ ಫೋನಿನಲ್ಲಿ ಮಾತು ನಡೆದಿತ್ತು. ಮಾತು ನಿಂತಿತು. ಆಮೇಲೆ ಅಡುಗೆಮನೆಯಿಂದ, 'ಮಾಮಾ' ಎಂದು ಕೇಳಿಸಿತು. ಕೈ ಒರೆಸಿಕೊಳ್ಳದೆ ಚಪ್ಪಲಿ ಹುಡುಕಿದೆ, ಅವಳು ಮೊದಲೇ ಒಳಗೆ ತೆಗೆದಿಟ್ಟಿದ್ದಳು.

'ಅವ್ವಗ ಕಾರ್ಡ ಕಳಿಸೀರಿ?'

'ಯಾವ ಅವ್ವಗ?'

'ನನಗ ಎಷ್ಟ ಮಂದಿ ಅವ್ವ ಅದಾರ? ಹುಕ್ಕೇರಿ ಅವ್ವಗ. ಅರಿಷಿಣ ಕುಂಕುಮ ಹಚ್ಚಿ, ಮ್ಯಾಲೆ ಬೀಗರು ಅಂತ ಛಾಪಿಸಿ, ಯಾರದೋ ಕೈಯಾಗ ಕೊಟ್ಟ ಕಳಿಸೀರಿ. ಅಷ್ಟss ಅಲ್ಲ. ಅಪ್ಪಂದು, ಅವ್ವಂದು ಹೆಸರು ಬರದು, ಕೆಳಗ ನನ್ನ ಹೆಸರೂ ಹಾಕೀರಿ. ಅವ್ವ ಕೇಳ್ತಾಳ, ನಿನ್ನ ಗಂಡ ನಿನ್ನ ಹೊಳ್ಳಿ ನಮ್ಮ ಮನಿಗೆ ಕಳಿಸ್ಯಾನೇನು ಅಂತ.'

ಓಡಿ ಹೋಗಿ ಪರದೆ ನೋಡಿದೆ. ನಿಯಮ ತನ್ನ ಕೆಲಸ ಮಾಡಿತ್ತು. ಹೆಂಡತಿಯನ್ನು ಸಂತೋಷಪಡಿಸಲು ಹುಕ್ಕೇರಿಯನ್ನು ಮೊದಲು ತುಂಬಿದ್ದೆನಲ್ಲ, ಅಕ್ಕ ಮೊದಲು ಸಿಕ್ಕಿದ್ದು ಅಲ್ಲಿ, ಬೀಗಿತ್ತಿಯಾಗಿ. ಗೋಕಾಕದ ಮನೆಯ ಹಿರಿಯ ಮಗಳಾಗಿ ಎರಡನೇ ಸಲ ಸಿಕ್ಕಾಗ ಅವಳನ್ನು ಕಿತ್ತು ಹಾಕಿತ್ತು. ಸುಮಿತ್ರಾಳೂ ಮೊದಲು ಸಿಕ್ಕಿದ್ದು ಅಲ್ಲೇ, ಹುಕ್ಕೇರಿಯ ಮಗಳಾಗಿ. ಹಾಗಾಗಿ ಕಂಪ್ಯೂಟರಿನ ಪ್ರಕಾರ ಗೋಕಾಕದ ನಮ್ಮ ಮನೆಯಲ್ಲಿ ನನಗೆ ಹೆಂಡತಿಯೇ ಇರಲಿಲ್ಲ. ಈ ವಿಷಯ ನಾನು ಅವಳಿಗೆ ಹೇಳಲಿಲ್ಲ, ಅವಳೇ ಹಿಂದಿನಿಂದ ಬಗ್ಗಿ ಓದಿದಳು.

ನಗುವ ವಿಷಯವಾಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಅಕ್ಕ ಮಗಳಿಗೆ ಹೇಳಿದ ಕೊನೆಯ ಮಾತು ನನ್ನ ಎದೆಗೆ ಬಿತ್ತು. 'ಬೀಗರನ್ನ ಕರದಂಗ ಕರದಾರ, ನಾ ಬೀಗರು ಬಂದಂಗ ಬರ್ತೇನಿ. ಅಕ್ಕಿಕಾಳ ಹೊತ್ತಿಗೆ ಬಂದು, ಖುರ್ಚಿ ಮ್ಯಾಲೆ ಕುಂತು, ಉಂಡು ಹೋಗ್ತೇನಿ' ಎಂದಿದ್ದಳಂತೆ. ನಮ್ಮ ಮನೆಯಲ್ಲಿ ಮದುವೆಯ ಮುನ್ನಾದಿನ ಸುರಗಿ ಸುತ್ತುತ್ತೇವೆ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ಮದುಮಗಳನ್ನು ನಡುವೆ ಕೂರಿಸಿ, ತಂಬಿಗೆಗಳ ಸುತ್ತ ನೂಲು ಸುತ್ತಿ ಎಣ್ಣೆ ಅರಿಷಿಣ ಹಚ್ಚಿ ನೀರು ಹಾಕುವುದು. ಆ ನೂಲಿನ ಮೊದಲ ಸುತ್ತು ಮನೆಯ ಹೆಣ್ಣುಮಗಳದ್ದು. ನನ್ನ ಮದುವೆಯಲ್ಲಿ ಅಕ್ಕ ಮದುಮಗಳ ತಾಯಿಯಾಗಿದ್ದರೂ, ಹುಕ್ಕೇರಿಯಿಂದ ಗೋಕಾಕಕ್ಕೆ ಬಂದು ನನ್ನ ಸುತ್ತ ನೂಲು ಸುತ್ತಿ, ತಿರುಗಿ ಓಡಿ ಹೋಗಿ ಮಗಳ ಕಡೆ ನಿಂತವಳು. ಬಸುವಿನ ಮದುವೆಯಲ್ಲೂ ಅವಳೇ. ಅಕ್ಕ ಇಲ್ಲದೆ ಪೂಜಾಳ ಸುರಗಿ ಆಗುವುದಾದರೂ ಹೇಗೆ? ಅವ್ವ ತೀರಿಕೊಂಡ ಮೇಲೆ ನಮ್ಮಿಬ್ಬರಿಗೆ ಅವಳೇ ಅವ್ವ. ಅವಳು ಖುರ್ಚಿಯ ಮೇಲೆ ಕುಳಿತು ಉಂಡು ಹೋಗುವ ಮದುವೆ ನನಗೆ ಬೇಡವಾಗಿತ್ತು. ನಿಜ ಹೇಳಬೇಕೆಂದರೆ ನನಗೆ ಅಳು ಬಂದಿತ್ತು.

ಕೂಡಲೇ ತಿದ್ದಲು ಕುಳಿತೆ. ಇದಕ್ಕೆ ನಮ್ಮ ವಿದ್ಯೆಯಲ್ಲಿ ಒಂದು ಉಪಾಯ ಇದೆ. ಮನುಷ್ಯನನ್ನು ಒಂದೇ ಕಡೆ ಇಟ್ಟು, ಇನ್ನೊಂದು ಕಡೆ ಒಂದು ಚೀಟಿ ಅಂಟಿಸುವುದು, ಇವರು ಅಲ್ಲಿದ್ದಾರೆ, ಅಲ್ಲಿ ಹೋಗಿ ನೋಡಿರಿ ಎಂದು. ಬಹಳ ಅಚ್ಚುಕಟ್ಟಾದ ಉಪಾಯ. ಸುಮಿತ್ರಾಳಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

'ಅಂದ್ರ ಅವ್ವ ಹುಕ್ಕೇರಿಯೊಳಗ ಇರ್ತಾಳ, ತವರಮನ್ಯಾಗ ಆಕೀದೊಂದು ಚೀಟಿ ಇರ್ತೈತಿ?'

'ಹೂಂ.'

'ಆ ಚೀಟಿ ಅವ್ವಗ ನೀವss ತೋರಸ್ರಿ ಮಾಮಾ. ನಾ ಅಂತೂ ತೋರ್ಸೂದಿಲ್ಲ.'

ಮರುದಿನ ರಜೆ ಹಾಕಿ ಬಸುವನ್ನು ಕರೆದುಕೊಂಡು ಹುಕ್ಕೇರಿಗೆ ಹೊರಟೆ. ಬರಿಗೈಲಿ ಹೋಗುವುದು ಬೇಡವೆಂದು ಬಜಾರಕ್ಕೆ ಹೋಗಿ ಕರದಂಟಿನ ದೊಡ್ಡ ಬಾಕ್ಸು ಕಟ್ಟಿಸಿದ್ದೆ. ಸುಮಿತ್ರಾ ಅದನ್ನು ಕೈಯಿಂದ ಕಸಿದುಕೊಂಡಳು. 'ಬೀಗರ ಮನಿಗೆ ಒಯ್ದಂಗ ಕರದಂಟ ಒಯ್ತೀರೇನು? ಹತ್ತಿದ ಬೆಂಕಿಗೆ ಎಣ್ಣಿ ಹಾಕಾಕ ಹೊಂಟೀರಿ' ಎಂದು, ಒಂದು ಅರಿವೆಯಲ್ಲಿ ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ ಕಟ್ಟಿ ಕೊಟ್ಟಳು. ಮೇಲೆ ಒಂದು ಹಸಿರು ಖಣ ಇಟ್ಟಳು. ಲ್ಯಾಪ್‌ಟಾಪನ್ನು ನಾನೇ ಇಟ್ಟುಕೊಂಡೆ. ತಪ್ಪು ನನ್ನದಲ್ಲ, ಯಂತ್ರದ್ದು ಎಂದು ತೋರಿಸಬೇಕಾದರೆ ಯಂತ್ರ ಜೊತೆಯಲ್ಲಿರಬೇಕಲ್ಲ. ಘಟಪ್ರಭೆ ದಾಟಿದ ಮೇಲೆ ಬಸು, 'ಅಕ್ಕ ಕೋಲ ತಗೊಂಡ್ರ ನೀ ಮುಂದ ನಿಂದ್ರು' ಎಂದ. ಕೋಲು ತೆಗೆದುಕೊಂಡರೆ ಒಳ್ಳೆಯದೇ ಎಂದು ನಾನೂ ಅಂದುಕೊಂಡೆ. ಸಣ್ಣವರಿದ್ದಾಗ ಅಕ್ಕ ಹೊಡೆದಳೆಂದರೆ, ಆಮೇಲೆ ಬೆಲ್ಲ ಕೊಡುತ್ತಿದ್ದಳು.

ಅಕ್ಕ ಕೋಲು ತೆಗೆದುಕೊಳ್ಳಲಿಲ್ಲ. ಬಾಗಿಲಿಗೆ ಬಂದು, ತಲೆಯ ಮೇಲೆ ಸೆರಗು ಎಳೆದುಕೊಂಡು, 'ಬರ್ರಿ ಅಳಿಯಾರ' ಎಂದಳು. ನಾನು ಹೊಸ್ತಿಲಿನ ಹೊರಗೇ ನಿಂತೆ. ಮದುವೆಯಾಗಿ ಇಷ್ಟು ವರ್ಷಗಳಾದರೂ ಅಕ್ಕ ನನಗೆ 'ರಿ' ಹಚ್ಚಿದವಳಲ್ಲ. ನನ್ನ ಮೂಗು ಒರೆಸಿ, ಹೇನು ತೆಗೆದು, ಶಾಲೆಗೆ ಎಳೆದುಕೊಂಡು ಹೋದವಳು ಅವಳು. 'ಯಾಕ ನಿಂತ್ರಿ? ಕಾಲಿಗೆ ನೀರ ತಗೋರ್ರಿ. ಪ್ರವಾಸ ಆರಾಮ ಆತಲ್ರಿ? ನಮ್ಮ ಮಗಳು ಚೊಲೋ ಅದಾಳಲ್ರಿ?' ಎಂದು ಒಂದೊಂದು ಮಾತಿಗೂ ಒಂದೊಂದು ರಿ. ಜಮಖಾನೆ ಹಾಸಿದಳು. ಬೀಗರು ಬಂದಾಗ ಮಾತ್ರ ಹೊರಗೆ ಬರುವ ಹೂವಿನ ಚಿತ್ರದ ಚಹಾದ ಕಪ್ಪುಗಳೂ ಅವುಗಳ ಕೆಳಗಿನ ಬಸಿಗಳೂ ಹೊರಗೆ ಬಂದವು. ಬಸುವಿಗೂ ರಿ. ಅವನು ಬಸಿಯಲ್ಲಿ ಮುಖ ಹುದುಗಿಸಿಕೊಂಡ. ಭಾವ ಮೂಲೆಯಲ್ಲಿ ಕುಳಿತು, ಈ ಸಂಗತಿಗೂ ತನಗೂ ಸಂಬಂಧವಿಲ್ಲ ಎಂಬಂತೆ ಛಾವಣಿ ನೋಡುತ್ತಿದ್ದ. ಅಕ್ಕ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ರಿ ಮಾತ್ರ ತಡೆದುಕೊಳ್ಳಲಾಗಲಿಲ್ಲ.

'ಅಕ್ಕಾ, ಸಾಕ ಮಾಡು. ತಪ್ಪಾತು' ಎಂದೆ.

'ನಿಮ್ಮದೇನ ತಪ್ಪ ಬಿಡ್ರಿ. ಕಾರ್ಡ ಬಂದೈತಿ, ಚಂದ ಐತಿ. ಬರ್ತೇವ್ರಿ.'

ಆಗ ನಾನು ಮಾಡಬಾರದ ಕೆಲಸ ಮಾಡಿದೆ. ಲ್ಯಾಪ್‌ಟಾಪು ತೆರೆದು ವಿವರಿಸಲು ಹೋದೆ. ಟೇಬಲ್ಲು, ಡಬ್ಬಿ, ಡಬ್ಬಿಯೊಳಗೆ ಡಬ್ಬಿ, ಒಬ್ಬ ಮನುಷ್ಯ ಒಂದೇ ಜಾಗದಲ್ಲಿ ಕೂರಬೇಕು ಎಂಬ ಕಟ್ಟುಪಾಡು, ಎಲ್ಲ ಹೇಳಿದೆ. ಅಕ್ಕ ಪೂರ್ತಿ ಕೇಳಿದಳು. ಆಮೇಲೆ, 'ಯಾರು ಹಾಕಿದ್ರಿ ಆ ಕಟ್ಟ?' ಎಂದಳು. ಯಂತ್ರದ್ದು ಎಂದು ಹೇಳುವವನಿದ್ದೆ, ಬಸು ಪಕ್ಕದಿಂದ 'ಅಣ್ಣನss ಹಾಕಿದ್ದು' ಎಂದುಬಿಟ್ಟ. ಅಕ್ಕ ನನ್ನನ್ನು ನೋಡಿದಳು. 'ನಿಮ್ಮ ಹೆಂಡ್ತಿ ನನಗ ಮಗಳೂ ಹೌದು, ತಮ್ಮನ ಹೆಂಡ್ತಿನೂ ಹೌದು. ಮುಂಜಾನೆ ಮಗಳಿಗೆ ಬೈತೇನಿ, ಸಂಜೀಕ ತಮ್ಮನ ಹೆಂಡ್ತಿಗೆ ಬೈತೇನಿ. ಬಾಯಿ ಒಂದss ಐತಿ. ನನಗೇನೂ ತ್ರಾಸ ಆಗಿಲ್ಲ. ಅಷ್ಟ ದೊಡ್ಡ ಮಷೀನಿಗೆ ಯಾಕ ತ್ರಾಸ ಆತ್ರಿ?'

ತಲೆ ತಗ್ಗಿಸಿ, ಅವಳ ಎದುರಿಗೇ ನಿಯಮವನ್ನು ಅಳಿಸಿದೆ. ಚೀಟಿ ಗೀಟಿ ಏನೂ ಹಚ್ಚಲಿಲ್ಲ. ಹುಕ್ಕೇರಿಯಲ್ಲಿ ಅವಳನ್ನು ಇದ್ದಂತೆಯೇ ಬಿಟ್ಟು, ಗೋಕಾಕದ ಮನೆಯಲ್ಲಿ ಮತ್ತೊಮ್ಮೆ ಪೂರ್ತಿಯಾಗಿ ಬರೆದೆ. ನನ್ನ ಹೆಸರನ್ನು ಮೊದಲ ಜಾಗದಿಂದ ಕೆಳಗಿಳಿಸಿ ಅಲ್ಲಿ ಅವಳದನ್ನು ಇಟ್ಟೆ. ಒಂದೇ ಸಂಗತಿಯನ್ನು ಎರಡು ಕಡೆ ಬರೆಯುವುದು ನಮ್ಮ ವಿದ್ಯೆಯಲ್ಲಿ ದಡ್ಡರ ಕೆಲಸ. ಆ ದಡ್ಡತನ ಮಾಡುವಾಗ ನನ್ನ ಕೈ ಹಗುರವಾಗಿತ್ತು.

'ಏನ ಬರದ್ರಿ? ಓದ್ರಿ' ಎಂದಳು.

ಓದಿದೆ. 'ಊರು ಗೋಕಾಕ. ಮನೆ ನಮ್ಮದು. ಮಕ್ಕಳು. ಶಾಂತಾ, ಶಿವಾನಂದ, ಬಸವರಾಜ.'

ಅಕ್ಕ ಪರದೆಯ ಹತ್ತಿರ ಸರಿದಳು. 'ಬರೇ ಶಾಂತಾ ಅಂತ ಬರದಿಯೇನು? ಶಾಂತವ್ವ ಅಂತಿಲ್ಲ? ಹುಕ್ಕೇರಿ ಅಂತಿಲ್ಲ?' ಎಂದಳು. ಇಲ್ಲ ಎಂದೆ. 'ಇನ್ನೊಂದ ಸಲ ಓದು' ಎಂದಳು. ಓದಿದೆ. ಅವಳು ಸೆರಗಿನಿಂದ ಕಣ್ಣು ಒತ್ತಿಕೊಂಡು, ಅದೇ ಕೈಯಿಂದ ನನ್ನ ತಲೆಗೆ ಒಂದು ಮೊಟಕಿದಳು. 'ಏ ಶಿವ್ಯಾ, ಬುದ್ಧಿಗೇಡಿ. ಇದನ್ನ ಬರಿಯಾಕ ನಿನಗ ಮಷೀನು ಬೇಕಾತೇನು? ಆ ಗಂಟಿನ್ಯಾಗ ಏನೈತಿ, ಸಜ್ಜಿ ರೊಟ್ಟಿ ಏನು? ತಗಿ ಇತ್ಲಾಗ.' ಶಿವ್ಯಾ ಎಂದು ಕರೆಸಿಕೊಳ್ಳುವುದು ಇಷ್ಟು ಸುಖ ಎಂದು ನನಗೆ ಗೊತ್ತಿರಲಿಲ್ಲ. ಎದೆಯ ಮೇಲೆ ಇಟ್ಟಿದ್ದ ಬೀಸುಕಲ್ಲು ಯಾರೋ ಎತ್ತಿದಂತಾಯಿತು. ಬಸು ಬಸಿಯಿಂದ ಮುಖ ಹೊರತೆಗೆದ. ಭಾವ ಛಾವಣಿ ನೋಡುವುದನ್ನು ಬಿಟ್ಟು, 'ಚಹಾ ಇನ್ನೊಂದ ಸಲ ಆಗಲಿ, ಈ ಸಲ ನಮ್ಮ ಹಳೇ ಗ್ಲಾಸಿನ್ಯಾಗ ಹಾಕ' ಎಂದ. ಅಲ್ಲೇ ಉಂಡೆವು. ಸಂಜೆಗೆ ಅಕ್ಕ ಹಸಿರು ಖಣವನ್ನು ಚೀಲದಲ್ಲಿ ಇಟ್ಟುಕೊಂಡು ನಮ್ಮ ಜೊತೆಯಲ್ಲೇ ಗಾಡಿ ಹತ್ತಿದಳು. ಘಟಪ್ರಭೆ ದಾಟಿ ಗೋಕಾಕ ಬರುವವರೆಗೂ ಬೈಯುತ್ತಲೇ ಬಂದಳು. ಸಂಗೀತ ಕೇಳಿದಂತೆ ಕೇಳುತ್ತ ಬಂದೆ.

ಸುರಗಿಯ ನೂಲಿನ ಮೊದಲ ಸುತ್ತು ಅಕ್ಕನೇ ಸುತ್ತಿದಳು. ಪೂಜಾ ನಡುವೆ ಕುಳಿತು ಅರಿಷಿಣದ ಕೈಯಿಂದ ಸೋದರತ್ತೆಯ ಗಲ್ಲ ಮುಟ್ಟಿದಳು. ಆಯೇರಿಯ ಹೊತ್ತಿಗೆ, ಅಂದರೆ ಬಟ್ಟೆ ಉಡುಗೊರೆ ಕೊಡುವ ಹೊತ್ತಿಗೆ, ಅಕ್ಕನಿಗೆ ಮನೆಯ ಮಗಳೆಂದು ಒಂದು ಇಳಕಲ್ ಸೀರೆ, ಬೀಗಿತ್ತಿಯೆಂದು ಇನ್ನೊಂದು. ಸುಮಿತ್ರಾಳಿಗೂ ಮನೆಯ ಸೊಸೆಯೆಂದು ಒಂದು, ಬೀಗರ ಮಗಳೆಂದು ಒಂದು. ರಾಮಪ್ಪಜ್ಜನಿಗೆ ಎಷ್ಟು ರುಮಾಲು ಸುತ್ತಿದರೆಂದು ನಾನು ಎಣಿಸಲಿಲ್ಲ, ಅಜ್ಜನ ಮುಖ ಕಾಣದಷ್ಟು ಸುತ್ತಿದ್ದರು. ನಿಯಮ ತೆಗೆದದ್ದರಿಂದ ಎಲ್ಲರಿಗೂ ಒಳ್ಳೆಯದಾಯಿತು ಎಂದು ನೋಡುತ್ತ ನಿಂತಿದ್ದ ನನಗೆ, ನಾನೂ ಈಗ ಎರಡು ಕಡೆ ಇದ್ದೇನಲ್ಲ ಎಂಬುದು ಹೊಳೆಯಿತು. ಗೋಕಾಕದಲ್ಲಿ ಮನೆಯ ಮಗ, ಹುಕ್ಕೇರಿಯಲ್ಲಿ ಅಳಿಯ. ಮನೆಯ ಮಗನಾಗಿ ಬೆಳಗಿನಿಂದ ಖುರ್ಚಿ ಹೊತ್ತದ್ದಾಗಿತ್ತು. ಅಳಿಯನೆಂದು ನನಗೆ ಯಾರೂ ಏನೂ ಮಾಡಿರಲಿಲ್ಲ. ಮೆಲ್ಲಗೆ ಹೋಗಿ ಬೀಗರ ಸಾಲಿನ ಮುಂದಿನ ಖುರ್ಚಿಯಲ್ಲಿ ಕುಳಿತೆ. ಮೇಲೆ ಫ್ಯಾನು ಇತ್ತು. ಶರಬತ್ತು ಬರುತ್ತಿತ್ತು. ಒಂದು ಜೋಡಿ ಧೋತರವೂ ಬರಬಹುದು ಎಂಬ ಆಸೆ ಇತ್ತು.

ಅಕ್ಕ ಬಂದಳು. ಹೊಸ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ಹಿಂದೆ ಸುಮಿತ್ರಾ.

'ಏ ಶಿವ್ಯಾ, ಇಲ್ಲೇನ ಮಾಡಾಕತ್ತಿ? ಪಂಕ್ತಿ ಕುಂತೈತಿ, ಸಾರಿನ ಬಕೀಟ ಹಿಡಿಯಾಕ ಮಂದಿ ಇಲ್ಲ. ಏಳು.'

'ಅಕ್ಕಾ, ನಾ ಅಳಿಯಾನೂ ಹೌದಲ್ಲ. ಮಷಿನ್ಯಾಗ ಎರಡೂ ಕಡಿ ನನ್ನ ಹೆಸರೈತಿ, ಬೇಕಾರ ತೋರಸ್ತೇನಿ.'

'ಒಬ್ಬ ಮನಷ್ಯಾ, ಒಂದss ಜಾಗಾ ಅಂತ ಕಟ್ಟ ಹಾಕಿದಾವ ಯಾರು?'

'ಅದನ್ನ ತಗದೇನಲ್ಲ.'

'ನಮಗ ತಗದೀ. ನಿನಗ ಇರಲಿ' ಎಂದು ಅಕ್ಕ ಬಕೆಟ್ಟು ನನ್ನ ಕೈಗೆ ಕೊಟ್ಟಳು. ಸುಮಿತ್ರಾ ಎರಡನೇ ಸೀರೆಯ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, 'ಮೊದಲು ಎಲ್ಲೆ ಹೆಸರು ಸಿಗತೈತೋ ಅಲ್ಲೆ ಇರಬೇಕಲ್ರಿ. ನಿಮ್ಮ ಹೆಸರು ನೀವss ಎಲ್ಲಾರಕ್ಕಿಂತ ಮೊದಲು ಗೋಕಾಕದಾಗ ಹಾಕೀರಿ' ಎಂದಳು. ಪುಣ್ಯಕ್ಕೆ ಮಾಮಾ ಎನ್ನಲಿಲ್ಲ.

ಸಾರು ಬಡಿಸುತ್ತ ಹೋದೆ. ಸಾಲಿನ ನಡುವೆ ಭಾವ ಕುಳಿತಿದ್ದ. ನನ್ನನ್ನು ಕಂಡು, ರೂಢಿಯಂತೆ ಅರ್ಧ ಎದ್ದು, ಎಲೆಗೆ ಕೈ ಅಡ್ಡ ಹಿಡಿದು, 'ಸಾಕ್ರಿ ಅಳಿಯಾರ, ಸಾಕ್ರಿ' ಎಂದ. ಇಡೀ ಮದುವೆಯಲ್ಲಿ ಅಳಿಯನೆಂದು ನನಗೆ ಸಿಕ್ಕ ಮರ್ಯಾದೆ ಅದೊಂದೇ, ಅದನ್ನೂ ಬಕೆಟ್ಟು ಹಿಡಿದುಕೊಂಡೇ ಸ್ವೀಕರಿಸಿದೆ. ಹಿಂದಿನಿಂದ ಅಕ್ಕನ ದನಿ ಬಂತು. 'ಅಂವಗ ಯಾಕ ರಿ ಹಚ್ಚತೀರಿ? ಹಾಕಲಿ ಬಿಡ್ರಿ. ಶಿವ್ಯಾ, ಆ ತುದಿಗೆ ಸಾರು ಮುಟ್ಟಿಲ್ಲ ನೋಡು.' ನಾನು ಬಕೆಟ್ಟು ಎತ್ತಿಕೊಂಡು ಆ ತುದಿಗೆ ಓಡಿದೆ.